ಗೋಡೆ ಸಂದಿನ ಕೂದಲು

“ಆ ಕೂದ್ಲು ಎಲ್ಲಿಂದ ತಂದಿ ತಮ್ಮಾ?”

ಕಾಂಪೌಂಡಿನ ಆಚೆಯಿಂದ ಗಾದ್ರಮ್ಮಜ್ಜಿ ಕೇಳಿದಾಗ ಕಲ್ಲೇಶ್ ಹೊಸ್ತಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಹಿಟ್ಟಿನ ಗೊಂಬೆಗೆ ಕೂದಲು ಸುತ್ತುತ್ತಿದ್ದ. ಪಕ್ಕದಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಗುಂಡುಸೂಜಿ, ಒಂದು ಹಿಡಿ ಬೂದಿ. ಮಾಟವೆಂದರೆ ಹೇಗಿರುತ್ತದೆಂದು ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಅವನಿಗೂ ಅಷ್ಟೇ ಗೊತ್ತಿತ್ತು.

“ಅಡುಗೆಮನೆ ಗೋಡೆ ಸಂದಿನಾಗೆ ಸಿಕ್ತು ಅಜ್ಜೀ.”

“ಅದು ಉಡಚಮ್ಮಂದು. ಬಾಚಿದ ಕೂದ್ಲೆಲ್ಲ ಅಲ್ಲೇ ತುರುಕಿ ಇಡ್ತಿದ್ಲು, ಪಾತ್ರೆಯೋನಿಗೆ ಕೊಡಾಕೆ. ಅವಳೇ ಇಟ್ಟಿಗೆ ಹೊತ್ತು ಕಟ್ಟಿದ ಮನೆ ಇದು. ಸತ್ತೋರ ಕೂದ್ಲು ಹೊಸ್ತಿಲಿಗೆ ಕಟ್ಟಬ್ಯಾಡ. ಮನೆ ನಂದು ಅಂತ ಯಾರು ಒಳಗೆ ಕಾಲಿಡ್ತಾರೋ ಅವ್ರನ್ನ ಹಿಡೀತಾಳೆ. ಕಟ್ಟಿಹಾಕಿದ ಜೀವಕ್ಕೆ ತನ್ನೋರು, ಬ್ಯಾರೇರು ಗೊತ್ತಾಗಂಗಿಲ್ಲ.”

“ಇದು ಸುಮ್ನೆ ಆಟಕ್ಕೆ ಮಾಡ್ತಿರೋದು ಅಜ್ಜೀ.”

“ಆಟ ಅಂತ ಅವಳಿಗೆ ಹೆಂಗೆ ತಿಳೀಬೇಕು?”

ಕಲ್ಲೇಶ್ ನಕ್ಕುಬಿಟ್ಟ. “ಹಂಗಾದ್ರೆ ಬ್ಯಾಂಕಿನೋರನ್ನೇ ಹಿಡೀಲಿ ಬಿಡ್ರಿ.”

ಅವನು ಜಗಳೂರಿನವನು, ಬೈಕ್ ಶೋರೂಮಿನ ಕೆಲಸಕ್ಕೆ ನ್ಯಾಮತಿಗೆ ಬಂದವನು. ಮನೆ ಧರ್ಮಪ್ಪನದು. ಹೆಂಡತಿ ಉಡಚಮ್ಮನ ಕಾಯಿಲೆಗೆಂದು ಧರ್ಮಪ್ಪ ಅದನ್ನು ಬ್ಯಾಂಕಿಗೆ ಅಡವಿಟ್ಟಿದ್ದ. ಹೆಂಡತಿಯೂ ಉಳಿಯಲಿಲ್ಲ, ಸಾಲವೂ ತೀರಲಿಲ್ಲ. ಕಂತು ಕಟ್ಟಲೆಂದು ಮನೆಯನ್ನು ಕಲ್ಲೇಶನಿಗೆ ಭೋಗ್ಯಕ್ಕೆ ಕೊಟ್ಟು, ತಾನು ಹೊನ್ನಾಳಿಯಲ್ಲಿದ್ದ ಮಗಳ ಮನೆ ಸೇರಿದ. ಭೋಗ್ಯಕ್ಕೆ ತಿಂಗಳ ಬಾಡಿಗೆಯಿಲ್ಲ. ಇಡಿಗಂಟು ಮೊದಲೇ ಕೊಟ್ಟು, ಮನೆ ಬಿಡುವಾಗ ವಾಪಸು ಪಡೆಯುವುದು. ಆ ಗಂಟಿಗಾಗಿ ಕಲ್ಲೇಶನ ಹೆಂಡತಿ ಹೇಮಾವತಿಯ ಕೊರಳು, ಕೈ ಎರಡೂ ಬರಿದಾಗಿದ್ದವು.

ಅಡವಿನ ಸಂಗತಿ ಅವನಿಗೆ ತಿಳಿದದ್ದು ಬ್ಯಾಂಕಿನವರು ಗೋಡೆಗೆ ಹರಾಜಿನ ನೋಟಿಸು ಅಂಟಿಸಿ ಹೋದ ಮೇಲೆ. ಮನೆ ಕೈಬದಲಾದರೆ ಗಂಟು ಮುಳುಗಿದಂತೆಯೇ. ಕೊಳ್ಳುವವರೇ ಬಾರದಿದ್ದರೆ ಹರಾಜು ಮುಂದೆ ಹೋಗುತ್ತದೆ. ಅದಕ್ಕೇ ಈ ಗೊಂಬೆ. ಹೆಂಡತಿ, ಮಗಳು ಸಿಂಚನಾ ಇಬ್ಬರನ್ನೂ ಅವನು ಜಗಳೂರಿಗೆ ಕಳಿಸಿದ್ದ.

ಮೊದಲು ಮನೆ ನೋಡಲು ಬಂದವನು ಅಡಿಕೆ ವ್ಯಾಪಾರಿ ಜಯದೇವಪ್ಪ. ಹೊಸ್ತಿಲ ಮೇಲಿನ ಗೊಂಬೆ ಕಂಡದ್ದೇ ತಡ, ಬೈಕ್ ತಿರುಗಿಸಿದ. ಕಿಟಕಿಯ ಹಿಂದೆ ನಿಂತು ಕಲ್ಲೇಶ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಅದೇ ಸಂಜೆ ಕರೆಂಟು ಹೋಯಿತು. ನಡುಮನೆಯಲ್ಲಿ ಸೀಗೆಕಾಯಿ ನೆನೆಸಿದ ವಾಸನೆ ಎದ್ದಿತು. ಮನೆಯಲ್ಲಿ ಸೀಗೆಕಾಯಿಯೇ ಇರಲಿಲ್ಲ. ಅಡುಗೆಮನೆಯ ಕಡೆಯಿಂದ ಸರ್, ಸರ್ ಎಂದು ಸದ್ದು ಬಂತು. ಯಾರೋ ಉದ್ದ ಕೂದಲನ್ನು ನಿಧಾನಕ್ಕೆ ಬಾಚುತ್ತಿದ್ದರು. ಇಲಿ ಇರಬೇಕೆಂದುಕೊಂಡು ಅವನು ಬಾಗಿಲ ಕಡೆ ತಿರುಗಿದ.

ಹೊರಗೆ ಧರ್ಮಪ್ಪ ಚಪ್ಪಲಿ ಬಿಡುತ್ತಿದ್ದ. ಕಂಕುಳಲ್ಲಿ ಒಂದು ಬಟ್ಟೆಚೀಲ.

“ಕಲ್ಲೇಶಣ್ಣಾ, ನಮ್ಮನೆ ಅಂತ ಹೇಳ್ದೆ ಕೇಳ್ದೆ ಒಳಗೆ ಬರ್ತಿದೀನಿ. ತಪ್ಪು ತಿಳ್ಕಬ್ಯಾಡ್ರಿ.”

ನಿಲ್ರಿ ಎನ್ನಬಹುದಿತ್ತು. ಗೊಂಬೆ ಕಂಡು ಮುದುಕ ಏನೆಂದುಕೊಂಡಾನು ಎಂಬ ನಾಚಿಕೆ ಅವನ ಬಾಯಿ ಕಟ್ಟಿತು. ಆ ಮಬ್ಬಿನಲ್ಲಿ ಧರ್ಮಪ್ಪನಿಗೆ ಗೊಂಬೆ ಕಾಣಲಿಲ್ಲ. ಹೊಸ್ತಿಲು ದಾಟಿದ. ಕೂದಲು ಸುಟ್ಟ ಕಮಟು ರಪ್ಪನೆ ಮೂಗಿಗೆ ಬಡಿಯಿತು. ಧರ್ಮಪ್ಪನ ಕಾಲು ಮಡಚಿಕೊಂಡಿತು. ಬಾಯಿ ಸೊಟ್ಟಗಾಯಿತು. ಬಾಚುವ ಸದ್ದು ನಿಂತುಹೋಯಿತು.

ಲಕ್ವ ಎಂದರು ದಾವಣಗೆರೆಯ ಡಾಕ್ಟರು. ಧರ್ಮಪ್ಪನ ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು. ನೀರು ಬೇಕಾದರೂ “ನಮ್ಮನೆ”. ನೋವಾದರೂ “ನಮ್ಮನೆ”. ಕಲ್ಲೇಶನನ್ನು ಕಂಡಾಗ ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಅದೇ ಮಾತು.

ಆಸ್ಪತ್ರೆಯ ವರಾಂಡದಲ್ಲಿ ಮಗಳು ಸಂಘಮಿತ್ರಾ ಆ ಬಟ್ಟೆಚೀಲವನ್ನು ಅವನ ಕೈಗಿಟ್ಟಳು. “ಅಣ್ಣಾ, ಅಪ್ಪ ಊರಾಗಿನ ಸೈಟು ಮಾರಿ ನಿಮ್ಮ ಗಂಟು ಹೊಂದಿಸಿದ್ರು. ಮನೆ ಹೋದ್ರೂ ಹೋಗ್ಲಿ, ನಂಬಿ ಬಂದೋರಿಗೆ ಮೋಸ ಆಗಬಾರ್ದು ಅಂತ ಕೊಡಾಕೆ ಬಂದಿದ್ರು. ನೀವಿದ್ರಿ, ಹಂಗಾಗಿ ಜೀವ ಉಳೀತು.”

ಹೇಳಬೇಕಾದ ಹೊತ್ತು ಅದೇ ಆಗಿತ್ತು. ಕಲ್ಲೇಶ್ ಚೀಲ ತೆಗೆದುಕೊಂಡ.

ಮನೆ ಉಳಿಸಿಕೊಳ್ಳಲು ಧರ್ಮಪ್ಪನೇ ಮಾಟ ಮಾಡಿಸಿದ್ದನಂತೆ, ಅದು ಅವನಿಗೇ ತಿರುಗಿತಂತೆ ಎಂದು ಟೀ ಅಂಗಡಿಯಲ್ಲಿ ಜನ ಆಡಿಕೊಂಡರು. ಕಲ್ಲೇಶ್ ತಲೆ ತಗ್ಗಿಸಿ ಟೀ ಕುಡಿದ. ತಾನೆಂಥ ಮನುಷ್ಯ ಎಂದು ಅಸಹ್ಯವಾಯಿತು. ಆದರೂ ಬಾಯಿ ಬಿಡಲಿಲ್ಲ.

ಗೊಂಬೆಯನ್ನು ಕೂದಲ ಸಮೇತ ಒಯ್ದು ಹೊನ್ನಾಳಿ ಸೇತುವೆಯ ಮೇಲಿಂದ ತುಂಗಭದ್ರೆಗೆ ಎಸೆದ. ಮನೆಗೆ ಬಂದು ನೋಡಿದರೆ ಗೋಡೆ ಸಂದಿಯಲ್ಲಿ ಕೂದಲ ಉಂಡೆ ಇತ್ತು. ಒದ್ದೆಯಾಗಿತ್ತು. ಹೊಳೆಯ ಕೆಸರು ನಾರುತ್ತಿತ್ತು.

“ಎಸೆದ್ರೆ ಹೋಗಂಗಿಲ್ಲ,” ಗಾದ್ರಮ್ಮಜ್ಜಿ ಅವನ ಮುಖ ನೋಡದೆ ಹೇಳಿದಳು. “ನಾನೇ ಇಟ್ಟಿದ್ದು ಅಂತ ಧರ್ಮಪ್ಪನ ಮುಂದೆ ನಿಂತು ಹೇಳು, ಬಿಡ್ತಾಳೆ. ಇಲ್ಲಾಂದ್ರೆ ಇನ್ನೊಬ್ಬರು ಸಿಗೋತನ್ಕ ಅವ್ನನ್ನ ಬಿಡಂಗಿಲ್ಲ.”

ನಾಳೆ ಹೇಳುತ್ತೇನೆ ಎಂದುಕೊಂಡ. ಮರುದಿನವೂ ಹಾಗೇ ಎಂದುಕೊಂಡ. ಹೇಳಿದರೆ ಪೊಲೀಸರು, ಹೇಳಿದರೆ ಗಂಟು ವಾಪಸು ಕೊಡಬೇಕಾದೀತು, ಹೇಳಿದರೆ ಸಂಘಮಿತ್ರಾಳ ಮುಖ ನೋಡಬೇಕು. ಅದಕ್ಕಿಂತ ಮನೆ ಬಿಟ್ಟು ಹೋಗುವುದೇ ಸುಲಭವೆನಿಸಿತು.

ಸಾಮಾನು ಕಟ್ಟಿ ಅಂಗಳದಲ್ಲಿದ್ದ ಗೂಡ್ಸ್ ಆಟೋಗೆ ಹೇರುತ್ತಿದ್ದ. ಸೂರ್ಯ ಮುಳುಗುತ್ತಿದ್ದ. ಕರೆಂಟು ಹೋಯಿತು. ಗೇಟಿನ ಬಳಿ ಇನ್ನೊಂದು ಆಟೋ ನಿಂತಿತು. ಬರಬೇಡ ಎಂದಿದ್ದರೂ ಕೈಯಾಸರೆಯಾಗಲೆಂದು ಹೇಮಾವತಿ ಬಂದಿದ್ದಳು. ಆಟೋದಿಂದ ಸಿಂಚನಾ ಹಾರಿ ಇಳಿದಳು.

ಸೀಗೆಕಾಯಿ ವಾಸನೆ.

ಕಲ್ಲೇಶ್ ತಿರುಗಿ ನೋಡಿದ. ಖಾಲಿ ಮನೆಯ ಬಾಗಿಲು ತೆರೆದೇ ಇತ್ತು. ಹೊಸ್ತಿಲ ಮೇಲೆ ಕಪ್ಪಗೆ ಏನೋ ಹರಡಿಕೊಳ್ಳುತ್ತಿತ್ತು. ಒಳಗೆ ಸರ್, ಸರ್.

“ಸಿಂಚೂ, ನಿಲ್ಲು.”

ಅವಳಿಗೆ ಕೇಳಿಸಲಿಲ್ಲ. ಅಂಗಳ ದಾಟಿದಳು. ಎರಡೂ ಕೈ ಚಾಚಿ ಓಡಿದಳು. “ಅಮ್ಮಾ, ನಮ್ಮ...”

ಅವನೂ ಓಡಿದ. ಭುಜ ಹಿಡಿದು ಅವಳನ್ನು ಹಿಂದಕ್ಕೆ ತಳ್ಳಿದ. ಅವಳು ಬಿದ್ದಳು. ಅಳು. ಅವನು ಹೊಸ್ತಿಲಿನಾಚೆಗೆ ಕಾಲಿಟ್ಟ. “ನಮ್ಮನೆ,” ಎಂದು ಕೂಗಿದ. “ಇದು ನಮ್ಮನೆ.”

ಒದ್ದೆಯದೇನೋ ಹಿಮ್ಮಡಿಗೆ ಸುತ್ತಿತು. ಮೊಣಕಾಲಿಗೆ ಏರಿತು. ಗಂಟಲಿಗೆ ಬಂತು. ಸುಟ್ಟ ಕಮಟು. ನೆಲ.

ಕಣ್ಣು ಬಿಟ್ಟಾಗ ತಲೆ ಹೇಮಾವತಿಯ ತೊಡೆಯ ಮೇಲಿತ್ತು. ಸಿಂಚನಾ ಮಂಡಿ ತರಚಿಕೊಂಡು ಪಕ್ಕದಲ್ಲಿ ಬಿಕ್ಕುತ್ತಿದ್ದಳು, ನೆಟ್ಟಗಿದ್ದಳು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹೇಮಾವತಿ ಅದನ್ನು ತೆಗೆದು ಸ್ಪೀಕರ್ ಒತ್ತಿದಳು. ಸಂಘಮಿತ್ರಾಳ ದನಿ.

“ಅಣ್ಣಾ, ಅಪ್ಪಂಗೆ ಈಗ್ಲೇ ಮಾತು ಬಂತು. ಎದ್ದು ಕುಂತಾರೆ. ನಿಮ್ಮನ್ನೇ ಕೇಳಾಕತ್ಯಾರೆ. ಅಪ್ಪಂಗೆ ಏನಾರ ಹೇಳ್ತೀರಾ?”

ಹೇಳಬೇಕಿತ್ತು. ಈಗ ಹೇಳಲೇಬೇಕೆಂದು ಅವನಿಗೇ ಅನಿಸಿತ್ತು. ನಾನೇ ಇಟ್ಟಿದ್ದು, ನಿಮ್ಮ ತಾಯಿ ಕೂದಲು ಸುತ್ತಿ ನಾನೇ ಇಟ್ಟಿದ್ದು, ತಪ್ಪಾಯಿತು. ಎಲ್ಲ ಎದೆಯಲ್ಲಿ ಸರಿಯಾಗಿಯೇ ಇತ್ತು. ಅವನು ತುಟಿ ತೆರೆದ.

“ನಮ್ಮನೆ.”

“ಏನಂದ್ರಿ ಅಣ್ಣಾ?”

“ನಮ್ಮನೆ,” ಎಂದ ಮತ್ತೆ, ಅಳುತ್ತ. “ನಮ್ಮನೆ, ನಮ್ಮನೆ.”

“ಗಂಟೆಲ್ಲ ಕೊಟ್ಟ ಮ್ಯಾಲೂ ಮನೆ ನಿಮ್ದೇ ಅಂತೀರಾ ಅಣ್ಣಾ?” ಎಂದಳು ಸಂಘಮಿತ್ರಾ. ಫೋನು ಇಟ್ಟಳು.