ಒಕ್ಕಣ್ಣ ಹುಲಿ ಹಿಡಿದ ಮುಖಗಳು

ಬಹಳ ಕಾಲದ ಹಿಂದೆ, ಬಿಳಿಗಲ್ಲಿನ ಬೆಟ್ಟಗಳ ನಡುವೆ ಮಿಂಚಾವತಿ ಎಂಬ ರಾಜ್ಯವಿತ್ತು. ಜಕ್ಕಲಾದೇವಿ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಒಂದು ದಿನ ಕಾಳಭಸ್ಮನೆಂಬ ಮಾಂತ್ರಿಕ ಬಂದು, "ನನ್ನನ್ನು ಮದುವೆಯಾಗು" ಎಂದ. ರಾಣಿ ಮುಖ ಸಿಂಡರಿಸಿದಳು.

"ನನ್ನೆದುರು ಮುಖ ಸಿಂಡರಿಸುತ್ತೀಯಾ? ಇನ್ನು ಈ ರಾಜ್ಯದಲ್ಲಿ ಯಾರ ಮುಖದಲ್ಲೂ ನಗುವಲ್ಲದೆ ಬೇರೇನೂ ಕಾಣಕೂಡದು!" ಎಂದು ಅವನು ಒಂದು ಹಿಡಿ ಬೂದಿ ತೂರಿ ಹೊರಟುಹೋದ.

ಆ ಗಳಿಗೆಯಿಂದ ಎಲ್ಲರ ಮುಖಕ್ಕೂ ಒಂದೇ ನಗು ಅಂಟಿಕೊಂಡಿತು. ಹಸಿದ ಕೂಸೂ ನಗುತ್ತಿತ್ತು, ಹೆಣದ ಮುಂದೆ ಕೂತವರೂ ನಗುತ್ತಿದ್ದರು. ಅಳಲು ಹೋದರೆ ಗಂಟಲಿನಿಂದಲೂ ನಗುವೇ ಬರುತ್ತಿತ್ತು.

ಆ ರಾಜ್ಯದಲ್ಲಿ ಕಲ್ಲು ಕಡಿಯುವ ಕೊಮ್ಮಣ್ಣನಿಗೆ ಸಾತವ್ವ ಎಂಬ ಮಗಳಿದ್ದಳು. ಒಮ್ಮೆ ಕೊಮ್ಮಣ್ಣನ ಕಾಲಿನ ಮೇಲೆ ಬಂಡೆ ಉರುಳಿತು. "ಸಾತೂ, ನನ್ನ ಕಾಲು!" ಎಂದು ಅವನು ನಗುನಗುತ್ತಾ ಕೂಗಿದ. ಅಪ್ಪ ತಮಾಷೆ ಮಾಡುತ್ತಿದ್ದಾನೆಂದು ಆಕೆ ಕೊಡ ಹೊತ್ತು ಮುಂದೆ ಹೋದಳು. ಮರಳಿ ಬಂದಾಗ ಕಂಡದ್ದು ರಕ್ತ. ಅಪ್ಪ ಬದುಕಿದ, ಆದರೆ ಕುಂಟನಾದ. "ಈ ನಗುವನ್ನು ಕಿತ್ತೇ ತೀರುತ್ತೇನೆ" ಎಂದು ಸಾತವ್ವ ಉಪಾಯ ಹುಡುಕುತ್ತಾ ಕಾಡಿಗೆ ನಡೆದಳು.

ಕಾಡಿನ ಗವಿಯಲ್ಲಿ ಮುದಿ ಹುಲಿಯೊಂದಿತ್ತು. ಅದಕ್ಕೆ ಹುಟ್ಟಿನಿಂದ ಒಂದೇ ಕಣ್ಣು. ಅದು ನೋಡಿ ರೆಪ್ಪೆ ಬಡಿದರೆ, ನೋಡಿದ್ದು ಎದುರಿಗಿಟ್ಟ ತಾಮ್ರದ ತಗಡಿನ ಮೇಲೆ ಚಿತ್ರವಾಗಿ ಕೂರುತ್ತಿತ್ತು. ಸಾತವ್ವ ಅದಕ್ಕೆ ತನ್ನ ಕಥೆಯನ್ನೆಲ್ಲ ಹೇಳಿದಳು.

"ಮಂತ್ರ ಇರುವುದು ಚರ್ಮದ ಮೇಲೆ. ಒಳಗಿನ ಮುಖ ಇನ್ನೂ ಜೀವಂತವಾಗಿದೆ," ಎಂದಿತು ಹುಲಿ. "ಅದನ್ನು ತಗಡಿನಲ್ಲಿ ಹಿಡಿದು ಅವರಿಗೇ ತೋರಿಸಿದರೆ ಮಂತ್ರ ಬಿಡುತ್ತದೆ. ರೆಪ್ಪೆ ಬಡಿಯುವುದು ನನ್ನ ಕೆಲಸ. ಬೆಳಕಿಡುವುದು, ಯಾವಾಗ ಎಂದು ಹೇಳುವುದು ನಿನ್ನ ಕೆಲಸ."

"ನನಗೆ ಅದೆಲ್ಲ ಬರುವುದಿಲ್ಲ, ಅಜ್ಜ."

"ಬರುವುದಿಲ್ಲ ಅಂತಲೇ ಕಲಿಯುವುದು."

ಮೊದಲು ಅಪ್ಪನನ್ನು ಕರೆತಂದು ಗವಿಯಲ್ಲಿ ಕೂರಿಸಿದಳು. ದೀಪವನ್ನು ನೇರ ಎದುರಿಗಿಟ್ಟಳು. ಹುಲಿ ರೆಪ್ಪೆ ಬಡಿದು ಗುರುಗುಟ್ಟಿತು: "ಇದು ಮುಖವೋ, ರೊಟ್ಟಿಯೋ?" ಸಾತವ್ವ ದೀಪವನ್ನು ಪಕ್ಕಕ್ಕೆ ಸರಿಸಿ, ಚೂರು ಮೇಲೆತ್ತಿದಳು. ಮೂಗಿನ ನೆರಳು ಕೆನ್ನೆಗಿಳಿಯಿತು, ಹಣೆಯ ಗೆರೆಗಳು ಎದ್ದು ನಿಂತವು. ಆದರೂ ಅದೇ ನಗು. ಆಗ ಅವಳು ದೀಪ ಬಿಟ್ಟು ಅಪ್ಪನನ್ನೇ ನೋಡಿದಳು.

"ಅಪ್ಪಾ, ಆವತ್ತು ನಾನು ನಿಲ್ಲದೆ ಹೋದಾಗ ನಿನಗೆ ಏನನಿಸಿತು?"

ಕೊಮ್ಮಣ್ಣ ತಲೆ ಎತ್ತಿ ಮಗಳನ್ನು ನೋಡಿದ. ಕಣ್ಣಂಚಿನಲ್ಲಿ ಏನೋ ಮಿಸುಕಿತು.

"ಈಗ!" ಎಂದಳು.

ತಗಡಿನಲ್ಲಿ ನೋವು ಮೂಡಿತ್ತು. ಅದನ್ನು ಕಂಡದ್ದೇ ಕೊಮ್ಮಣ್ಣನ ಮುಖದ ನಗು ಕಳಚಿ ಬಿತ್ತು. ಅವನು ಗಟ್ಟಿಯಾಗಿ ಅತ್ತ. ಸಾತವ್ವ ಅವನನ್ನು ತಬ್ಬಿಕೊಂಡಳು. ಅವಳ ಮುಖ ಮಾತ್ರ ಇನ್ನೂ ನಗುತ್ತಲೇ ಇತ್ತು.

ಹುಲಿಯೊಂದಿಗೆ ಅರಮನೆಗೆ ಹೋದಳು. ದಾರಿಯಲ್ಲಿ ಜನ ನಗುನಗುತ್ತಲೇ ಹೆದರಿ ಓಡಿದರು. ರಾಣಿ ಒಡ್ಡೋಲಗದಲ್ಲಿ ಕೂತಂತೆ ಬಿಗಿದು ಕೂತಳು. ದೀಪ ನೆತ್ತಿಯ ಮೇಲಿಟ್ಟರೆ ಕಣ್ಣು ಗುಳಿಯಾದವು. ಕೆಳಗಿಟ್ಟರೆ ಮಹಾರಾಣಿ ದೆವ್ವದಂತೆ ಕಂಡಳು. ತಗಡುಗಳು ಒಂದೊಂದಾಗಿ ಹಾಳಾದವು. ಕೊನೆಗೆ ಸಾತವ್ವ ಎಲ್ಲ ದೀಪ ಆರಿಸಿ, ಒಂದು ಕಿಟಕಿ ಮಾತ್ರ ತೆರೆದು, ಅದರ ಪಕ್ಕ ರಾಣಿಯನ್ನು ಕೂರಿಸಿ ಸುಮ್ಮನೆ ಕಾದಳು.

"ಎಷ್ಟು ಹೊತ್ತು ಹೀಗೆ ಕೂರಲಿ, ಹುಡುಗಿ?"

"ತಾಯಿ, ಆವತ್ತು ಆ ಮಾಂತ್ರಿಕನಿಗೆ ಏನು ಉತ್ತರ ಕೊಡಬೇಕೆಂದಿದ್ದಿರಿ?"

ರಾಣಿ ಸರಕ್ಕನೆ ಬೆಳಕಿನತ್ತ ಕತ್ತು ತಿರುಗಿಸಿದಳು.

"ಈಗ!"

ತಗಡಿನಲ್ಲಿದ್ದ ತನ್ನ ಕೋಪ ಕಂಡು ರಾಣಿಯ ಹುಬ್ಬು ಗಂಟಿಕ್ಕಿತು. "ಆ ಮಾಂತ್ರಿಕನನ್ನು ಎಳೆದು ತನ್ನಿ!" ಎಂದು ಗುಡುಗಿದಳು.

ಎಳೆದು ತರಬೇಕಾಗಲಿಲ್ಲ. ಮಂತ್ರ ಸಡಿಲಿದ್ದು ತಿಳಿದು ಕಾಳಭಸ್ಮ ತಾನೇ ಬರುತ್ತಾನೆಂದು ಸಾತವ್ವನಿಗೆ ಗೊತ್ತಿತ್ತು. ಊರಿನವರಿಗೆ ಬಿಳಿ ಪಂಚೆ ತಂದು ಸಿದ್ಧವಾಗಿರಲು ಹೇಳಿದ್ದಳು. ಅವನು ಹೊಗೆಯಾಗಿ ನುಗ್ಗಿ ಬಂದ.

"ನನ್ನ ಮಂತ್ರ ಬಿಡಿಸಿದವಳು ಯಾರು?"

"ನಾನು," ಎಂದು ಸಾತವ್ವ ಮುಂದೆ ಬಂದಳು. ಒಳಗೆ ಭಯವಿತ್ತು. ಮುಖ ಮಾತ್ರ ಅವನದೇ ಮಂತ್ರದಿಂದ ನಗುತ್ತಿತ್ತು. ಬೂದಿ ಹಿಡಿದ ಅವನ ಕೈ ಅರ್ಧದಲ್ಲೇ ನಿಂತಿತು. 'ಇವಳಿಗೆ ಹೆದರಿಕೆಯೇ ಇಲ್ಲವಲ್ಲ!' ಎಂದು ಅವನು ಕಂಬದ ನೆರಳಿಗೆ ಸರಿದ.

"ಪಂಚೆ ಎತ್ತಿರಿ!"

ಜನ ಎಲ್ಲ ಕಡೆಯಿಂದ ಬಿಳಿ ಪಂಚೆ ಹಿಡಿದರು. ಕಿಟಕಿಯ ಬಿಸಿಲು ಅವುಗಳ ಮೇಲೆ ಬಿದ್ದು, ಮೆತ್ತಗಾಗಿ ತಿರುಗಿ ಕಂಬದ ಹಿಂದೆ ಹರಡಿತು. ಅಡಗಲು ಅವನಿಗೆ ನೆರಳೇ ಉಳಿಯಲಿಲ್ಲ.

"ಯಾರಾದರೂ ನಿನ್ನನ್ನು ಕಂಡು ಮುಖ ಸಿಂಡರಿಸಿದರೆ ನಿನಗೆ ಯಾಕಿಷ್ಟು ಭಯ?" ಎಂದು ಕೇಳಿದ ಸಾತವ್ವ, ಅವನ ತುಟಿ ಅದುರಿದ್ದೇ ಕೂಗಿದಳು: "ಈಗ, ಅಜ್ಜ!"

ತಗಡಿನಲ್ಲಿ ಅಂಜಿದ ಮುಖವಿತ್ತು. ಅದನ್ನು ನೋಡಿದ್ದೇ ಕಾಳಭಸ್ಮನ ಮುಷ್ಟಿಯ ಬೂದಿ ನೀರಾಗಿ ಸೋರಿತು, ಮಂತ್ರವೆಲ್ಲ ಮರೆತುಹೋಯಿತು. ರಾಣಿ ಅವನನ್ನು ಗಡಿಯಾಚೆ ಅಟ್ಟಿದಳು. ರಾಜ್ಯದ ಎಲ್ಲರ ಮುಖದಿಂದ ನಗು ಕಳಚಿತು. ಅಂದು ಜನ ಮನಸಾರೆ ಅತ್ತರು, ಆಮೇಲೆ ತಮ್ಮದೇ ನಗು ನಕ್ಕರು.

"ನಿನಗೇನು ಬೇಕು, ಸಾತವ್ವ?" ಎಂದಳು ರಾಣಿ.

"ನಾಲ್ಕು ದಿಕ್ಕಿಗೂ ಕಿಟಕಿಯಿರುವ ಒಂದು ಮನೆ, ತಾಯಿ. ಅಲ್ಲಿ ನಾನು ಎಲ್ಲರ ಮುಖ ಹಿಡಿಯುತ್ತೇನೆ."

ಮನೆ ಎದ್ದಿತು. ಮೊದಲ ದಿನ ಹುಲಿ, "ನೀನೇ ಕೂರು. ಬೆಳಕನ್ನೂ ನೀನೇ ಇಟ್ಟುಕೋ" ಎಂದಿತು. ಸಾತವ್ವ ಬೇಕಾದ ಕಿಟಕಿ ತೆರೆದು, ಬೇಡದ್ದನ್ನು ಮುಚ್ಚಿ ಕೂತಳು. ಎದುರಿಗೆ ಅಪ್ಪ, ರಾಣಿ, ಊರಿನ ಜನ. ಅವಳು 'ಈಗ' ಎನ್ನುವುದಕ್ಕೆ ಕಾಯದೆಯೇ ಹುಲಿ ರೆಪ್ಪೆ ಬಡಿಯಿತು.

ತಗಡಿನಲ್ಲಿದ್ದ ಹುಡುಗಿಯ ಗದ್ದ ಮೇಲೆದ್ದಿತ್ತು, ಕಣ್ಣು ಹೊಳೆಯುತ್ತಿದ್ದವು.

"ಈ ಮುಖ ನಾನು ಕಂಡೇ ಇರಲಿಲ್ಲ. ಇದಕ್ಕೇನನ್ನುತ್ತಾರೆ, ಅಪ್ಪಾ?"

"ಹೆಮ್ಮೆ, ಮಗಳೇ," ಎಂದ ಕೊಮ್ಮಣ್ಣ.

ಅಂದಿನಿಂದ ಮಿಂಚಾವತಿಯ ಜನ ಅಳು ಬಂದಾಗ ಅತ್ತು, ಸಿಟ್ಟು ಬಂದಾಗ ಸಿಡುಕಿ, ನಗು ಬಂದಾಗ ನಕ್ಕು, ಒಬ್ಬರ ಮುಖ ಒಬ್ಬರು ನೋಡುತ್ತಾ ಸುಖವಾಗಿ ಬಾಳಿದರು.