ಅಂಜನಾ ವಕೀಲರ ಬಾಯಿ ಕಟ್ಟಿದವರು

ಅರ್ಜಿ ಮತ್ತೆ ಮಾಯವಾಗಿತ್ತು.

ಬಳ್ಳಾರಿಯ ಕೋರ್ಟಿನ ಹಿಂದಿನ ಓಣಿಯ ಆಫೀಸಿಗೆ ಸಾಜಿಯಾ ಕಾಲಿಟ್ಟಾಗ, ವಕೀಲೆ ಅಂಜನಾ ತಲೆಗೆ ಮೈಕು ಸಿಕ್ಕಿಸಿಕೊಂಡು ಖಾಲಿ ಪರದೆಯನ್ನೇ ದಿಟ್ಟಿಸುತ್ತಿದ್ದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿ ವರ್ಷಗಳೇ ಆಗಿದ್ದವು. ಪೆನ್ನು ಹಿಡಿಯಲಾಗದು, ಮಾತು ಮಾತ್ರ ಕುಡುಗೋಲಿನ ಅಲಗು. ಆಡಿದ ಇಂಗ್ಲಿಷನ್ನು ತಾನೇ ಟೈಪ್ ಮಾಡಿಕೊಳ್ಳುವ ಸಾಫ್ಟ್‌ವೇರನ್ನು ಅವರು ತರಿಸಿಕೊಂಡದ್ದು ಅದಕ್ಕಾಗಿ.

“ಬಾರವ್ವಾ. ನಾ ಹೇಳೋದು, ಅದು ನುಂಗೋದು. ಇದ ನಡದೈತಿ ನೋಡು.”

ಸಾಜಿಯಾ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುವವಳು; ಯಂತ್ರ ನೋಡಲೆಂದು ಅಂಜನಾ ಕರೆಸಿದ್ದರು. ಮನುಷ್ಯರು ಸುಳ್ಳು ಹೇಳಿಯಾರು, ಕೆಟ್ಟ ಯಂತ್ರ ತನಗೆ ಸುಳ್ಳು ಹೇಳಲಾರದು ಎಂಬ ಧೈರ್ಯ ಆಕೆಗೆ.

“ಎಷ್ಟೊತ್ತಿಗೆ ಹೋಗ್ತದ್ರಿ ಅಕ್ಕಾ?”

“ಅದಕ್ಕೊಂದು ಲೆಕ್ಕ ಇಲ್ಲ. ಒಮ್ಮೆ ಒಂದು ಪುಟ ಆದಮ್ಯಾಲೆ. ಒಮ್ಮೆ ಎರಡ ಸಾಲಿಗೆ!”

ಅದಿರು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದ್ದ ಕಾಲ. ರಸ್ತೆ ಬದಿಯ ಹೊಲಗಳೆಲ್ಲ ಅದಿರು ರಾಶಿ ಹಾಕುವ ಯಾರ್ಡುಗಳಾಗುತ್ತಿದ್ದವು. ಕುರುಗೋಡಿನಲ್ಲಿ ಹೆಣ್ಣುಮಕ್ಕಳ ಶಾಲೆಯ ಗೋಡೆಗೆ ಅಂಟಿಕೊಂಡೇ ಅಂಥದೊಂದು ಏಳುವುದಿತ್ತು. ತಡೆಯಾಜ್ಞೆ ಕೇಳಲು ನಾಳೆಯೇ ಕಡೆಯ ದಿನ. ಆಮೇಲೆ ಕೋರ್ಟಿಗೆ ಬೇಸಿಗೆ ರಜೆ. ರಜೆ ಮುಗಿಯುವಷ್ಟರಲ್ಲಿ ಶಾಲೆಯ ಪಕ್ಕ ಕೆಂಪು ಗುಡ್ಡ ನಿಂತಿರುತ್ತದೆ. ಹೊರಗಿನ ಟೈಪಿಂಗ್ ಅಂಗಡಿಗೆ ಕೊಡೋಣವೆಂದರೆ, ಅದಿರಿನವರ ಕಿವಿ ಎಲ್ಲಿಲ್ಲ?

“ರಜಾ ಮುಗದ ಮ್ಯಾಲೆ ಹಾಕೋಣ್ರಿ ಮೇಡಂ,” ಎಂದ ಜೂನಿಯರ್ ವಕೀಲ ಮಾರೆಣ್ಣ. “ಈ ಕರೆಂಟಿನ ಕಾಟದಾಗ ಯಾವ ಮಷಿನ್ ನಿಲ್ತೈತಿ?”

ಕರೆಂಟು? ಸಾಜಿಯಾ ಪ್ಲಗ್ಗು ಕಿತ್ತಳು. ಬ್ಯಾಟರಿಯ ಮೇಲೆ ಯಂತ್ರ ಮಿಸುಕದೆ ನಡೆಯಿತು. ವೈರಸ್? ಇಲ್ಲ. ಮೈಕಿನ ವೈರು? ಗಟ್ಟಿಯಾಗಿತ್ತು.

ಮಾರೆಣ್ಣ ಬಾಗಿಲ ಬಳಿ ಆಕೆಯನ್ನು ಕರೆದು ದನಿ ತಗ್ಗಿಸಿದ. “ಶಾಮೀದಸಾಬ್ರನ್ನ ಒಂದ್ ಮಾತು ಕೇಳ್ರಿ. ಈ ಮಷಿನ್ ಬಂದಾಗಿಂದ ಅವ್ರಿಗೆ ಕೆಲಸ ಇಲ್ಲ.”

ಶಾಮೀದಸಾಬ ಹಳೆಯ ಟೈಪಿಸ್ಟು. ಕಣ್ಣಿನ ಪೊರೆ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿ ಮೂಲೆಯಲ್ಲಿ ಕುಳಿತಿದ್ದರು.

“ಚಾಚಾ, ನೀವು ಇದನ್ನ ಮುಟ್ಟೀರೇನು?”

“ಈ ಡಬ್ಬಿ ಕಂಡ್ರ ನನಗ ಆಗಂಗಿಲ್ಲ ಬೇಟಿ, ಖರೇ. ಹಂಗಂತ ಕೇಸ್ ಕೆಡಸ್ತೀನೇನು? ನನ್ನ ಮೊಮ್ಮಗಳು ಕೌಸರ್ ಅದ ಸಾಲ್ಯಾಗ ಓದ್ತಾಳ.”

ಸಾಜಿಯಾ ಕುರ್ಚಿ ಎಳೆದುಕೊಂಡಳು. “ಅಕ್ಕಾ, ಬ್ಯಾರೆ ಯಾವ್ದಾದ್ರೂ ಕೇಸ್ ಹೇಳ್ರಿ.”

ಅಂಜನಾ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಪಾಲುದಾರರ ಜಗಳ ಹೇಳತೊಡಗಿದರು. ಅಕ್ಷರಗಳು ಸಾಲುಗಟ್ಟಿದವು. ಸಿರುಗುಪ್ಪ ಎಂದರೆ ಯಂತ್ರ ‘ಸರ್ ಯು ಕೂಪರ್’ ಎಂದು ಬರೆಯಿತು. ಪಕ್ಕದ ಊರು ರಾರಾವಿ ‘ರಾದರ್ ಬಿ’ ಆಯಿತು. ಪುಟ ತುಂಬಿತು. ಏನೂ ಮಾಯವಾಗಲಿಲ್ಲ.

“ಈಗ ನಮ್ಮ ಅರ್ಜಿ.”

ಒಂದು ಸಾಲು. ಎರಡು. ಶಾಲೆ, ಮಕ್ಕಳು, ಕುರುಗೋಡು—

ಪರದೆ ಬರಿದು.

“ನೋಡಿದೇನು?” ಅಂಜನಾ ಮೇಜು ಗುದ್ದಿದರು.

ಸಾಜಿಯಾ ನೋಡಿದ್ದಳು. ಆಕೆಯ ಮುಖದಲ್ಲಿ ಸಣ್ಣ ನಗೆ ಮೂಡಿತು. “ಇನ್ನೊಮ್ಮೆ ಹೇಳ್ರಿ. ಆದ್ರ ಕುರುಗೋಡು ಅನಬ್ಯಾಡ್ರಿ. ಬರೇ ‘ಆ ಊರು’ ಅನ್ರಿ.”

ಅರ್ಜಿ ಒಂದು ಪುಟ ದಾಟಿತು. ಎರಡನೆಯದಕ್ಕೆ ಹೋಯಿತು. ಬಂಡೆಯಂತೆ ನಿಂತಿತು.

ಸಾಜಿಯಾ ಅದನ್ನು ಉಳಿಸಿಟ್ಟು ಎಲ್ಲರತ್ತ ತಿರುಗಿದಳು.

“ಈ ಮಷಿನ್ ಕೆಟ್ಟಿಲ್ಲ. ಕೆಟ್ಟು ಬಿದ್ದಿದ್ರ ತಪ್ಪಾತು ಅಂತ ಒಂದು ಸೂಚನೆ ಪರದೆ ಮ್ಯಾಲೆ ಬರ್ತಿತ್ತು. ಬರಲಿಲ್ಲ. ಅದು ಕೆಡಾಕತ್ತಿಲ್ಲ, ಹೇಳಿದ ಮಾತು ಕೇಳಾಕತ್ತೈತಿ.”

“ಯಾರ ಮಾತು?”

“ನಿಮ್ದ ಅಕ್ಕಾ. ಇದಕ್ಕ ಬಾಯಿಮಾತಿನ ಅಪ್ಪಣೆ ಕಲಿಸಬಹುದು. ಈ ಶಬ್ದ ಕೇಳಿದ್ರ ಈ ಕೆಲಸ ಮಾಡು ಅಂತ. ಕುರುಗೋಡು ಅಂದ್ರ ಉಳಿಸದಂಗ ಮುಚ್ಚು ಅಂತ ಯಾರೋ ಕಲಿಸ್ಯಾರ.”

ಮಾರೆಣ್ಣ ನಕ್ಕ. “ಯಾರ್ ಬೇಕಾದ್ರೂ ಕಲಿಸಿರಬಹುದಲ್ರಿ?”

“ಆಗಂಗಿಲ್ಲ. ನಾವೆಲ್ಲಾ ಕಣ್ಣಾರೆ ಕಂಡೂ ಗಮನಿಸದ ಬಿಟ್ಟಿದ್ದು ಅದ. ನಮ್ಮೂರುಗಳ ಹೆಸರು ಈ ಮಷಿನ್‌ಗೆ ತಿಳಿಯಂಗಿಲ್ಲ. ಸಿರುಗುಪ್ಪ ತಪ್ಪಿತು, ರಾರಾವಿ ತಪ್ಪಿತು. ಕುರುಗೋಡು ಮಾತ್ರ ಒಮ್ಮೆಯೂ ತಪ್ಪಲಿಲ್ಲ, ಅಂದ ಕೂಡ್ಲೆ ತಿಳಕೊಂಡು ಮುಚ್ಚಿತು. ಯಾಕ? ಅಕ್ಕನ ದನಿಯೊಳಗ ಅದನ್ನ ಹೇಳಿಸಿ ಪಳಗಿಸ್ಯಾರ. ಅಕ್ಕಾ, ಮೈಕಿನ ಮುಂದ ಕುರುಗೋಡು ಅನ್ರಿ ಅಂತ ನಿಮಗ ಹೇಳಿದವ್ರು ಯಾರು?”

ಅಂಜನಾ ನಿಧಾನವಾಗಿ ಮೈಕು ತೆಗೆದಿಟ್ಟರು.

“ಮಾರೆಣ್ಣ. ‘ಹೆಸರು ತಪ್ಪು ಬೀಳ್ತೈತ್ರಿ ಮೇಡಂ, ಕಲಿಸಿ ಬಿಡೋಣ’ ಅಂದ. ಹುಡುಗಗ ಎಷ್ಟು ಕಾಳಜಿ ಅಂದ್ಕೊಂಡೆ.”

“ಕೈ ತಪ್ಪಿ ಏನೋ ಒತ್ತಿರಬೇಕು—”

“ಕೈ ತಪ್ಪಿ ಊರ ಹೆಸರು ತಪ್ಪು ಬರೀಬಹುದು ಮಾರೆಣ್ಣ,” ಎಂದಳು ಸಾಜಿಯಾ. “‘ಉಳಿಸಬ್ಯಾಡ, ಮುಚ್ಚು’ ಅಂತ ಬರಿಯಾಕ ಕೈ ತಪ್ಪಂಗಿಲ್ಲ.”

ಬೀದಿಯಲ್ಲಿ ಒಂದು ಟಿಪ್ಪರ್ ಗುಡುಗುತ್ತ ಹೋಯಿತು.

“ಆ ಸಾಲಿ ಬಾಜೂಕಿನ ಹೊಲ ನಮ್ಮ ಮಾವಂದು,” ಎಂದ ಮಾರೆಣ್ಣ ಕಡೆಗೆ, ನೆಲ ನೋಡುತ್ತ. “ಯಾರ್ಡಿಗೆ ಕೊಟ್ಟಾರ. ರಜಾ ಬರೋತನ ತಡದ್ರ ಸಾಕು ಅಂದ್ರು. ನಿಮ್ಮನ್ನ ಎದುರು ಹಾಕ್ಕೊಳ್ಳಾಕ ಧೈರ್ಯ ಸಾಲಲಿಲ್ಲ ಮೇಡಂ.”

ಅಂಜನಾ ದನಿ ಏರಿಸಲಿಲ್ಲ. “ನಿಮ್ಮ ಮಾವಗ ಹೇಳು, ಒಳ್ಳೆ ವಕೀಲನ್ನ ಹಿಡಕೊಂಡು ಬರ್ಲಿ. ಎದುರಿಗೆ ನಿಂತು ವಾದ ಮಾಡ್ಲಿ, ನಾ ಕುಂತು ಕೇಳ್ತೀನಿ. ಆದ್ರ ಕೈ ಸೋತಾಕಿಗೆ ಉಳಿದಿದ್ದು ಬಾಯಿ ಒಂದ. ಅದನ್ನ ಕಟ್ಟಾಕ ಬಂದೆಲ್ಲೋ. ನಾಳಿಯಿಂದ ಈ ಆಫೀಸಿಗೆ ಬರಬ್ಯಾಡ.”

ಮಾರೆಣ್ಣ ಕರಿ ಕೋಟು ತೋಳಿನ ಮೇಲೆ ಹಾಕಿಕೊಂಡು ಹೋದ.

ಸಾಜಿಯಾ ಆ ಅಪ್ಪಣೆಯನ್ನು ಅಳಿಸಿ, ಆ ಶಬ್ದವನ್ನು ಬರಿಯ ಊರ ಹೆಸರಾಗಿ ಕಲಿಸಿದಳು. ಅಂಜನಾ ಅರ್ಜಿಯ ಪ್ರತಿ ಸಾಲಿನಲ್ಲೂ ಕುರುಗೋಡು ಎಂದರು, ಬೇಕಿದ್ದಲ್ಲೂ, ಬೇಡವಾದಲ್ಲೂ.

ಮರುದಿನ ಮಧ್ಯಾಹ್ನ ತಡೆಯಾಜ್ಞೆ ಸಿಕ್ಕಿತು. “ಕೌಸರ್‌ಗೆ ಫೋನ್ ಹಚ್ಚಿ ಹೇಳ್ರಿ ಚಾಚಾ,” ಎಂದು ಸಾಜಿಯಾ ಮೊಬೈಲ್ ಚಾಚಿದಳು. ಶಾಮೀದಸಾಬರು ಬೇಡವೆಂದು ಕೈಯಾಡಿಸಿದರು. ಇಂಥ ಸುದ್ದಿಯನ್ನು ಮೊಮ್ಮಗಳ ಮುಖ ನೋಡಿಯೇ ಹೇಳಬೇಕೆಂದು, ಕಪ್ಪು ಕನ್ನಡಕ ಸರಿಪಡಿಸಿಕೊಂಡು, ಕುರುಗೋಡಿನ ಬಸ್ಸು ಹಿಡಿಯಲು ಆಗಲೇ ಹೊರಟಾಗಿತ್ತು.