ಹೆಸರು ಕರೆದ ಮೇಲೆ

"ಸಿನಿಮಾದಲ್ಲಿ ಅವನಿಗೆ ಬೇರೆ ಏನಾದ್ರೂ ಹೆಸರಿಡಪ್ಪ. ಅವನ ಹೆಸರು ಮಾತ್ರ ಬೇಡ," ಎಂದಳು ಎನ್ವಾಕಾ ಅಜ್ಜಿ.

ಸಿನಿಮಾ ನಿರ್ದೇಶಕ ಉಗೊನ್ನ ನಕ್ಕ. ಲಾಗೋಸಿನಿಂದ ನೈಜರ್ ನದಿ ದಂಡೆಯ ಈ ಹಳ್ಳಿಗೆ ಬಂದು ಅವನಿಗಿನ್ನೂ ಎರಡು ದಿನ. ಒಂಬತ್ತು ದಿನದಲ್ಲಿ ಮುಗಿಯಬೇಕಾದ ಸಿನಿಮಾ. ಒಂದು ಕ್ಯಾಮೆರಾ, ಒಂದು ಜನರೇಟರ್, ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಕಲಸಿದ ಎರಡು ಬಕೆಟ್ ನೆತ್ತರು. ಇಪ್ಪತ್ತು ವರ್ಷದ ಹಿಂದೆ ಇದೇ ಊರಿನಲ್ಲಿ ನಾಲ್ವರು ಹೆಂಗಸರನ್ನು ಮಚ್ಚಿನಿಂದ ಕೊಂದವನ ಕತೆ. ಮೂವರ ಹೆಣ ಸಿಕ್ಕಿತ್ತು. ನಾಲ್ಕನೆಯವಳು ಎನ್ವಾಕಾಳ ಮಗಳು ಅದಾಕು. ಅವಳು ಸಿಕ್ಕಿರಲಿಲ್ಲ.

"ಅವನು ಸತ್ತು ಯಾವ ಕಾಲ ಆಯ್ತಜ್ಜಿ."

"ಸತ್ತ. ಸುಮ್ಮನಾಗಲಿಲ್ಲ. ಸತ್ತ ಮೇಲೂ ಕಂಡವರ ಮೈ ಹೊಕ್ಕು ಇಬ್ಬರ ಕತ್ತು ಕುಯ್ದ. ಮಾಂತ್ರಿಕ ಬಂದು ಅವನ ಹೆಸರನ್ನೇ ಕಟ್ಟಿಹಾಕಿದ. ಅವತ್ತಿಂದ ಈ ಊರಲ್ಲಿ ಯಾರ ಬಾಯಲ್ಲೂ ಅದು ಬಂದಿಲ್ಲ. ಕರೆದ್ರೆ ಬರ್ತಾನೆ."

"ಬರಲಿ ಬಿಡು. ಪುಕ್ಕಟೆ ನಟ ಸಿಕ್ಕಂಗಾಯ್ತು."

ಕ್ಯಾಮೆರಾದವನೂ ನಕ್ಕ. ಹಳೆಯ ಪತ್ರಿಕೆಯಿಂದ ಆ ಹೆಸರನ್ನು ಉಗೊನ್ನ ಮೊದಲೇ ಬರೆದಿಟ್ಟುಕೊಂಡಿದ್ದ. ನಾನು ಇಲ್ಲಿ ಬರೆಯುವುದಿಲ್ಲ.

ಕೊಲೆಗಾರನ ಪಾತ್ರಕ್ಕೆ ಬಂದವನು ಇಫೆಡಿ. ಎನ್ಸುಕ್ಕಾ ಪಟ್ಟಣದವನು, ಮೃದು ಮನುಷ್ಯ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ. ಊಟಕ್ಕೆ ಕೂತಾಗಲೆಲ್ಲ ಅವನದು ಇಬ್ಬರು ಹೆಣ್ಣುಮಕ್ಕಳದೇ ಮಾತು.

ಮೂರನೆಯ ದಿನ ನಡುಮಧ್ಯಾಹ್ನ. ಕೊಲೆಗಾರ ಬದುಕಿದ್ದ ಪಾಳುಮನೆ. ಕಿಟಕಿಗಳಿಗೆ ತಗಡು ಬಡಿದು ಒಳಗೆ ಕತ್ತಲೆ ಮಾಡಿದ್ದರು. ಬಾವಲಿ ಹಿಕ್ಕೆಯ ಘಾಟು, ಪೆಟ್ರೋಲ್ ಹೊಗೆ, ಪಾಕದ ನೆತ್ತರಿಗೆ ಮುತ್ತಿದ ನೊಣಗಳ ಗುಂಯ್‌ಗುಟ್ಟುವಿಕೆ. ಇಫೆಡಿ ಒಳಗೆ ಅಡಗಿರಬೇಕಿತ್ತು, ಪೊಲೀಸ್ ವೇಷದವನು ಹೊರಗೆ ನಿಂತು ಕೊಲೆಗಾರನ ಹೆಸರನ್ನು ಮೂರು ಸಲ ಕೂಗಬೇಕಿತ್ತು. ಅವನು ಆ ಊರಿನವನೇ. ಟೋಪಿ ತೆಗೆದು ಉಗೊನ್ನನ ಕೈಗಿಟ್ಟ. "ಕ್ಷಮಿಸಿ ಓಗಾ," ಎಂದ. ಯಜಮಾನನನ್ನು ಅಲ್ಲಿ ಎಲ್ಲರೂ ಓಗಾ ಎನ್ನುವುದು. "ನನಗೂ ಹೆಂಡ್ತಿ ಮಕ್ಕಳಿದಾರೆ."

ಉಗೊನ್ನ ಬೈದು, ತಾನೇ ಕೂಗಿದ.

ಒಂದು ಸಲ. ನೊಣಗಳ ಸದ್ದು ನಿಂತಿತು.

ಎರಡು ಸಲ. ಜನರೇಟರ್ ನಿಂತಿತು. ದೀಪ ಆರಿತು.

ಮೂರನೆಯ ಸಲ ಕತ್ತಲೆಯೊಳಗಿಂದ, "ಓ," ಎಂದಿತು ಒಂದು ದನಿ. ಇಫೆಡಿಯ ದನಿಯಲ್ಲ. ಗಂಟಲಲ್ಲಿ ಮರಳು ತುಂಬಿದಂಥ ದನಿ. "ಇಷ್ಟು ದಿನ ಯಾಕೆ ಯಾರೂ ಕರೀಲಿಲ್ಲ?"

ಆಮೇಲೆ ಅದು ತಾನು ಕೊಂದ ಒಬ್ಬೊಬ್ಬಳ ಸುದ್ದಿ ಹೇಳತೊಡಗಿತು. ಯಾರು ಯಾವ ಬಣ್ಣದ ಬಟ್ಟೆ ಉಟ್ಟಿದ್ದಳು, ಯಾರ ತಲೆಯ ಮೇಲೆ ಸೌದೆ ಇತ್ತು, ಯಾರು ತಾಯಿಯನ್ನು ಕೂಗಿದಳು. ಚಿತ್ರಕತೆಯಲ್ಲಿ ಇದೊಂದೂ ಇರಲಿಲ್ಲ. ತಗಡು ಕಿತ್ತು ಬೆಳಕು ಬಿಟ್ಟಾಗ ಇಫೆಡಿ ನೆಲಕ್ಕೆ ಬಿದ್ದಿದ್ದ. ಎದ್ದು ನೀರು ಕೇಳಿದ. ಅವನಿಗೆ ಏನೂ ನೆನಪಿರಲಿಲ್ಲ.

ಸಾಮಾನು ಕಟ್ಟಿ ಎಂದ ಉಗೊನ್ನ. ಅಷ್ಟರಲ್ಲಿ ಎನ್ವಾಕಾ ಅಜ್ಜಿ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಇನ್ನೊಂದ್ಸಲ ಕರಿ."

"ಬೇಡ ಅಂದವಳು ನೀನೇ ಅಲ್ವಾ ಅಜ್ಜಿ?"

"ಅಂದಿದ್ದೆ. ಇಪ್ಪತ್ತು ವರ್ಷ ಎಲ್ಲರ ಹೊಲ ಅಗೆದಿದೀನಿ, ಹುಚ್ಚಿ ಅನ್ನಿಸ್ಕೊಂಡಿದೀನಿ. ನನ್ನ ಮಗಳು ಎಲ್ಲಿದಾಳೆ ಅಂತ ಅವನಿಗೊಬ್ಬನಿಗೇ ಗೊತ್ತು. ಬಂದಿದಾನೆ. ಕೇಳಬೇಕು."

ಆಗಲ್ಲ ಎಂದು ಉಗೊನ್ನ ತಲೆಯಾಡಿಸಿದ. ಮೂಲೆಯಲ್ಲಿ ಕೂತಿದ್ದ ಇಫೆಡಿ ಲೋಟ ಕೆಳಗಿಟ್ಟ. "ಕರೀರಿ ಓಗಾ. ನನಗೂ ಹೆಣ್ಣುಮಕ್ಕಳಿದಾರೆ. ಒಂದ್ಸಲ ಹೋಗಿ ಬಂದವನಿಗೆ ಇನ್ನೊಂದ್ಸಲಕ್ಕೆ ಏನಾಗತ್ತೆ?"

ಉಗೊನ್ನ ಕರೆದ.

"ಬಾವಿ ಹಿಂದೆ," ಎಂದಿತು ಮರಳಿನ ದನಿ. "ಕಲ್ಲುಚಪ್ಪಡಿ ಕೆಳಗೆ. ತಲೆ ನದಿ ಕಡೆ."

ಅಗೆದರು. ಮಣ್ಣಿನ ಹಸಿ ವಾಸನೆ, ಮೂಳೆ, ಸೊಂಟದ ಮಣಿಸರ. ಅಜ್ಜಿ ಅಳಲಿಲ್ಲ. ಮಗಳನ್ನು ತನ್ನ ಮೇಲುಬಟ್ಟೆಯಲ್ಲಿ ಕಟ್ಟಿಕೊಂಡು, ಕೂಸನ್ನೆತ್ತಿದ ಹಾಗೆ ಎದೆಗೊತ್ತಿ ಮನೆಗೆ ಹೋದಳು.

ಉಳಿದವರು ಪಾಳುಮನೆಗೆ ತಿರುಗಿ ಬಂದಾಗ ಇಫೆಡಿ ಮುಖ ತೊಳೆದುಕೊಂಡು ಕೂತಿದ್ದ. ಹಸಿವು ಎಂದ, ನಕ್ಕ. ಎಲ್ಲರಿಗೂ ಜೀವ ಬಂದಂತಾಯಿತು.

ಮಾರನೆಯ ದಿನ ಉಗೊನ್ನನೇ ಅವನನ್ನು ಎನ್ಸುಕ್ಕಾಕ್ಕೆ ಬಿಟ್ಟುಬರಲು ಹೋದ. ಮಕ್ಕಳು ಅಂಗಳಕ್ಕೆ ಓಡಿಬಂದರು. ಇಫೆಡಿ ಚಿಕ್ಕ ಮಗಳು ಸೊಮ್ಟೊಳನ್ನು ಎತ್ತಿಕೊಂಡ. ಅವಳ ಜಡೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದ. ಬೆರಳಿಟ್ಟು ಕುತ್ತಿಗೆಯನ್ನು ಅಳೆದ. ಒಂದು ಬೆರಳು. ಎರಡು ಬೆರಳು.

ಉಗೊನ್ನ ಮಗುವನ್ನು ಕಸಿದುಕೊಂಡ.

ಹಳ್ಳಿಗೆ ಓಡಿ, ಆ ಹೆಸರು ಕಟ್ಟಿದ್ದ ಮಾಂತ್ರಿಕನ ಕಾಲಿಗೆ ಬಿದ್ದ. "ಆವಾಗ ಅವನು ಕಂಡವರ ಮೈಗೆ ಬಲವಂತವಾಗಿ ನುಗ್ತಿದ್ದ, ನಿಲ್ಲೋ ಮನೆ ಇರಲಿಲ್ಲ, ಕಟ್ಟಿದ್ವಿ," ಎಂದ ಆ ಮುದುಕ. "ಈಗ ಮೈ ಕೊಟ್ಟವನು ತಾನಾಗೇ ಒಪ್ಪಿ ಕೊಟ್ಟಿದಾನೆ. ನನ್ನ ಕೈಯಲ್ಲಿ ಆಗಲ್ಲ." ಉಗೊನ್ನ ಇಫೆಡಿಯ ಹೆಂಡತಿ ಉಜುಗೂ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಿನಿಮಾದವರ ತಲೆ ನೋಡಿ. ನನ್ನ ಗಂಡ ಇರುವೆ ತುಳಿಯೋನಲ್ಲ."

ಉಗೊನ್ನ ಲಾಗೋಸಿಗೆ ಹೋಗಲಿಲ್ಲ. ಅವರ ವಠಾರದಲ್ಲೇ ಒಂದು ಕೋಣೆ ಹಿಡಿದ. ಆರು ವರ್ಷವಾಯಿತು. ಆ ಮನೆಯ ಗೆಣಸು ಹೆಚ್ಚುವವನು ಅವನು, ಚೂರಿ ಎಣಿಸಿ ಎತ್ತಿಡುವವನು ಅವನು. ನಲವತ್ತಕ್ಕೆ ಮೊದಲೇ ತಲೆ ಬೆಳ್ಳಗಾಗಿದೆ. ಇಂಥ ಸ್ನೇಹಿತ ಯಾರಿಗೆ ಸಿಗ್ತಾನೆ ಎಂದು ಉಜು ಅಕ್ಕಪಕ್ಕದವರಲ್ಲಿ ಹೇಳಿಕೊಳ್ಳುತ್ತಾಳೆ.

ಮೊನ್ನೆ ಮಧ್ಯಾಹ್ನ ಉಗೊನ್ನ, ಇಫೆಡಿ ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದರು. ಉಜು ಸಂತೆಗೆ ಹೋಗಿದ್ದಳು. ಧೂಳುಗಾಳಿ, ಬಿಸಿಲಿನ ಜೊಂಪು. ಉಗೊನ್ನನ ಕಣ್ಣು ಎಳೆಯಿತು. ಒಂದು ಗಳಿಗೆ. ಬಿಟ್ಟಾಗ ಇಫೆಡಿ ಅವನನ್ನೇ ನೋಡುತ್ತಿದ್ದ, ಪ್ರೀತಿಯಿಂದ.

"ಪಾಪ, ಎಷ್ಟು ದಣಿದಿದೀರಿ ಓಗಾ," ಎಂದ, ಮರಳಿನ ದನಿಯಲ್ಲಿ. "ಒಳಗೆ ಹೋಗಿ ಮಲ್ಕೊಳ್ಳಿ. ಮಕ್ಕಳು ಸ್ಕೂಲಿಂದ ಬಂದ್ರೆ ನೋಡ್ಕೊಳ್ಳಕ್ಕೆ ನಾನಿದೀನಲ್ಲ."